ಇನಿಷಿಯಲ್ಲಿನಲ್ಲಿ ಅಜ್ಜಿಯ ಊರಿಲ್ಲ

ನಿಮ್ಮ ಹೆಸರಿನ ಹಿಂದಿರುವ ಒಂದೆರಡು ಅಕ್ಷರಗಳು ಏನು ಹೇಳುತ್ತವೆ? ಯೋಚಿಸಿದ್ದೀರಾ?

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರ ದುದ್ದದಲ್ಲಿ ಚಿಕ್ಕೇಗೌಡರೆಂಬವರಿಗೆ ನಂಜೇಗೌಡ, ಜಯಮ್ಮ ಎಂಬ ಇಬ್ಬರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಗ ಡಿ.ಸಿ. ನಂಜೇಗೌಡ, ಮಗಳು ಡಿ.ಸಿ. ಜಯಮ್ಮ. ‘ಡಿ’ ಎಂದರೆ ಊರು, ‘ಸಿ’ ಎಂದರೆ ತಂದೆ. ಧಾರವಾಡ, ಬೆಳಗಾವಿಯ ಕಡೆ ಹೆಸರಿನ ಕೊನೆಗೆ ಮನೆತನದ ಅಡ್ಡಹೆಸರು ಬರುತ್ತದೆ. ಹಳೆಯ ಮೈಸೂರಿನಲ್ಲಿ ಆ ಕೆಲಸವನ್ನು ಹೆಚ್ಚಾಗಿ ಈ ಎರಡು ಅಕ್ಷರಗಳೇ ಮಾಡುತ್ತವೆ.

ಹಿರಿಯರನ್ನು ಹುಡುಕಲು ಹೊರಟವರಿಗೆ ಜಮೀನಿನ ದಾಖಲೆ ಒಳ್ಳೆಯ ದಾರಿ. ಹಳೆಯ ಪಹಣಿಯಲ್ಲಿ ‘ನಂಜೇಗೌಡ ಬಿನ್ ಚಿಕ್ಕೇಗೌಡ’ ಎಂದಿರುತ್ತದೆ. ‘ಬಿನ್’ ಅರಬ್ಬಿಯಿಂದ ಬಂದ ಮಾತು, ಮಗ ಎಂದರ್ಥ. ಇನ್ನೂ ಹಿಂದಕ್ಕೆ ಹೋದರೆ ‘ಚಿಕ್ಕೇಗೌಡ ಬಿನ್ ನಂಜೇಗೌಡ’ ಎಂದು ಸಿಗಬಹುದು. ಗಾಬರಿಯಾಗಬೇಡಿ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮ ವಾಡಿಕೆ. ಹೆಸರು ಒಂದೇ ಆದಾಗ ಸರ್ವೆ ನಂಬರನ್ನೂ ಇಸವಿಯನ್ನೂ ತಾಳೆ ನೋಡಬೇಕು.

ಜಯಮ್ಮನನ್ನು ಹುಡುಕುವುದು ಮಾತ್ರ ಇಷ್ಟು ಸುಲಭವಲ್ಲ. ಮದುವೆಯಾದ ಮೇಲೆ ದಾಖಲೆಯಲ್ಲಿ ಆಕೆ ‘ಜಯಮ್ಮ ಕೋಂ ಶಿವಣ್ಣ’, ಅಂದರೆ ಶಿವಣ್ಣನ ಹೆಂಡತಿ. ದುದ್ದವೂ ಹೋಯಿತು, ಚಿಕ್ಕೇಗೌಡರೂ ಹೋದರು. ಬಿ.ಎಂ. ಶ್ರೀಕಂಠಯ್ಯನವರ ಹೆಸರನ್ನೇ ನೋಡಿ. ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು, ‘ಎಂ’ ತಂದೆ ಮೈಲಾರಯ್ಯ. ಅವರು 1884ರಲ್ಲಿ ಹುಟ್ಟಿದ್ದು ತಾಯಿಯ ತವರಾದ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಆ ಊರಿಗೆ ಹೆಸರಿನಲ್ಲಿ ಜಾಗವಿಲ್ಲ.

ಬೇರೆ ಕಡೆಯೂ ಹೀಗೆಯೇ? ಕೆನಡಾದಲ್ಲಿ ಫ್ರೆಂಚ್ ಮಾತನಾಡುವ ಕ್ವಿಬೆಕ್ ಪ್ರಾಂತ್ಯವಿದೆ. ಅಲ್ಲಿನ ಹಳೆಯ ಚರ್ಚುಗಳ ಮದುವೆ ಪುಸ್ತಕಗಳಲ್ಲಿ ವಧುವನ್ನು ಆಕೆಯ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. ಸಾಮಾನ್ಯವಾಗಿ ಆಕೆಯ ತಂದೆತಾಯಿಯ ಹೆಸರುಗಳೂ ಇರುತ್ತಿದ್ದವು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಈ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರು. ಹೀಗಾಗಿ ಅಲ್ಲಿಯವರು ತಾಯಿಯ ತಾಯಿ, ಆಕೆಯ ತಾಯಿ ಎಂದು ಹಿಂದಕ್ಕೆ ಹೋಗಬಲ್ಲರು.

ಲೆಕ್ಕ ಹಾಕಿ. ತಂದೆತಾಯಿ 2, ಅಜ್ಜ ಅಜ್ಜಿಯರು 4, ಅವರ ತಂದೆತಾಯಿಯರು 8. ‘ಬಿನ್’ ಹಿಡಿದು ಮೂರು ತಲೆಮಾರು ಹೋದರೆ ಸಿಗುವುದು ಆ 8ರಲ್ಲಿ ಒಬ್ಬರು. ಉಳಿದ 7 ಜನರ ರಕ್ತವೂ ನಮ್ಮ ಮೈಯಲ್ಲಿ ಹರಿಯುತ್ತಿದೆಯಲ್ಲವೆ?

ಇದು ಬರೀ ಕುತೂಹಲದ ಮಾತಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲಿಯೇ ಹಕ್ಕು ಕೊಟ್ಟಿತು. ಆದರೆ ಆ ವೇಳೆಗೆ ಮದುವೆಯಾಗಿದ್ದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಸೇರಿಸಿತು. ಯಜಮಾನರು ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಕೊಡಬೇಕು. ಅದರಲ್ಲಿ ಮಗಳ ಹೆಸರನ್ನೇ ಬಿಟ್ಟರೆ, ಕಾನೂನು ಕೊಟ್ಟ ಹಕ್ಕು ಕಾಗದದ ಮೇಲೆ ಅಳಿಸಿಹೋದಂತೆಯೇ.

ಈ ಭಾನುವಾರ ಒಂದು ಹಾಳೆಯಲ್ಲಿ 8 ಮನೆ ಗೆರೆ ಹಾಕಿಕೊಳ್ಳಿ. ಅಜ್ಜಿಯ ಹತ್ತಿರ ಕುಳಿತು ಅವರ ತವರೂರು, ತಂದೆತಾಯಿಯ ಹೆಸರು ಕೇಳಿ ಬರೆಯಿರಿ. ಪೆಟ್ಟಿಗೆಯಲ್ಲಿರುವ ಹಳೆಯ ಲಗ್ನಪತ್ರಿಕೆ ಹುಡುಕಿ. ಅದರಲ್ಲಿ ಎರಡೂ ಕಡೆಯ ಹಿರಿಯರ ಹೆಸರಿರುತ್ತದೆ. ಮನೆತನಗಳ ವಂಶಾವಳಿ ಹೇಳುವ ಹೆಳವರು ಊರಿಗೆ ಬಂದರೆ ಅವರನ್ನೂ ಕೇಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿ. ಪಹಣಿ ಮುಂದಿನ ವರ್ಷವೂ ಕಚೇರಿಯಲ್ಲಿ ಸಿಗುತ್ತದೆ. ಅಜ್ಜಿಯ ನೆನಪನ್ನು ಇವತ್ತೇ ಬರೆದಿಟ್ಟುಕೊಳ್ಳಬೇಕು.