ಗೋಡೆ ಓನರ್‌ದು, ಫ್ರಿಡ್ಜ್ ನಿಮ್ಮದು

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರ ಕಡೆಯ ಬಡಾವಣೆಗಳು ಮಳೆಗೆ ಮುಳುಗಿದ್ದು ನೆನಪಿರಬಹುದು. ಗ್ರೌಂಡ್ ಫ್ಲೋರ್‌ನಲ್ಲಿದ್ದ ನನ್ನ ಬಾಡಿಗೆ ಮನೆಗೂ ಆಗ ಮೊಣಕಾಲುದ್ದ ನೀರು ನುಗ್ಗಿತು. ಫ್ರಿಡ್ಜ್, ಹಾಸಿಗೆ, ಯುಪಿಎಸ್ ಎಲ್ಲ ಹೋಯ್ತು. ಓನರ್ ಹತ್ರ ಹೇಳಿಕೊಂಡರೆ, 'ಗೋಡೆಗೆ ಪೇಂಟ್ ಹೊಡೆಸಿಕೊಡ್ತೀನಿ. ನಿಮ್ಮ ಸಾಮಾನಿಗೆ ನಾನೇನ್ ಮಾಡ್ಲಿ ಹೇಳಿ?' ಅಂದ್ರು. ಸಿಟ್ಟು ಬಂತು. ಆದರೆ ಅವರ ಮಾತು ತಪ್ಪಲ್ಲ. ಓನರ್ ಕಟ್ಟಡಕ್ಕೆ ವಿಮೆ ಮಾಡಿಸಿದ್ದರೂ ಅದರಲ್ಲಿ ಬಾಡಿಗೆದಾರರ ಸಾಮಾನು ಸೇರಲ್ಲ.

ಅದಕ್ಕೆ ನಾವೇ ವಿಮೆ ಮಾಡಿಸಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿ ತಂದಿದೆ. ಕಟ್ಟಡ ಬಿಟ್ಟು ಮನೆಯೊಳಗಿನ ಸಾಮಾನಿಗೆ ಮಾತ್ರ ಇದನ್ನು ತಗೋಬಹುದು. ಬೆಂಕಿ, ನೆರೆ, ಬಿರುಗಾಳಿ, ಭೂಕಂಪ ಇದರ ವ್ಯಾಪ್ತಿಗೆ ಬರುತ್ತವೆ.

ಆದರೆ ಎಲ್ಲವೂ ಬರಲ್ಲ. ನೆರೆ, ಬೆಂಕಿಯಂಥ ಅವಘಡವಾಗಿ 7 ದಿನದೊಳಗೆ ಕಳವಾದರಷ್ಟೇ ಪರಿಹಾರ. ಸುಮ್ಮನೆ ಬೀಗ ಒಡೆದು ಕದ್ದರೆ ಇಲ್ಲ, ಅದಕ್ಕೆ ಬೇರೆ ಕವರ್ ಬೇಕು. ಒಡವೆಗೂ ಹೆಚ್ಚುವರಿ ಕವರ್ ಕೇಳಬೇಕು. ನಗದಿಗೆ ಏನೂ ಸಿಗಲ್ಲ.

ಎಷ್ಟಕ್ಕೆ ಮಾಡಿಸೋದು? ಎಂಜಿನಿಯರಿಂಗ್ ಓದಿದ ಚಾಳಿ, ನಾನು ಕೋಣೆಗೊಂದರಂತೆ ಪಟ್ಟಿ ಮಾಡಿದೆ. ಕೊಂಡಾಗಿನ ರೇಟ್ ಬೇಡ, ಇವತ್ತು ಹೊಸದು ತಂದರೆ ಏನಾಗುತ್ತೋ ಅದನ್ನು ಬರೀರಿ. ಬಿಲ್, ಫೋಟೊಗಳನ್ನು ಇಮೇಲ್‌ನಲ್ಲಿಡಿ, ಲ್ಯಾಪ್‌ಟಾಪೇ ಮುಳುಗಿದರೆ ಕಷ್ಟ.

ಈಗ ನಾನಿರೋದು ಎರಡನೇ ಮಹಡಿ. ಆದರೂ ಪಾಲಿಸಿ ಮಾಡಿಸಿದ್ದೀನಿ. ನೀರು ಇಲ್ಲಿತನಕ ಹತ್ತಲ್ಲ, ಪಕ್ಕದ ಮನೆಯ ಬೆಂಕಿ ಬರಬಹುದಲ್ಲ?