ಮೂಸಿಯ ಮಹಾಪೂರ ಕಲಿಸಿದ ಪಾಠ

1908ನೆಯ ಇಸವಿಯ ಸೆಪ್ಟೆಂಬರ್ 28ರಂದು ಹೈದರಾಬಾದು ನಗರವು ಮೂಸಿ ನದಿಯ ಮಹಾಪೂರಕ್ಕೆ ತುತ್ತಾಯಿತು. ನದಿಯ ಇಕ್ಕೆಲಗಳ ವಸತಿಗಳು ಕೊಚ್ಚಿಹೋದವು. ಅಸುನೀಗಿದವರು ಸುಮಾರು 15,000 ಮಂದಿ ಎಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಿಸೆಯ ಮರವನ್ನೇರಿ ನೂರಾರು ಜನ ಪ್ರಾಣ ಉಳಿಸಿಕೊಂಡರೆಂದು ಪ್ರತೀತಿ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ಇಂದಿಗೂ ಕಾಣಬಹುದು.

ನಿಜಾಮ ಸರ್ಕಾರದ ಕರೆಯ ಮೇರೆಗೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1909ರಲ್ಲಿ ಅಲ್ಲಿಗೆ ಬಂದರು. ಅವರು ನಗರವನ್ನಷ್ಟೇ ನೋಡದೆ, ನದಿಗೆ ನೀರುಣಿಸುವ ಮೇಲಣ ಪ್ರದೇಶವನ್ನೆಲ್ಲ ಪರಿಶೀಲಿಸಿದರು. ಅಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ಮೇಲಿನ ಕೆರೆಯ ಏರಿ ಬಿರಿದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಆ ಭಾರವನ್ನು ತಾಳಲಾರದೆ ಅದೂ ಒಡೆಯುತ್ತದೆ. ಹೀಗೆ ಮಳೆಯ ನೀರಿನೊಡನೆ ಕೆರೆಗಳ ನೀರೂ ಕೂಡಿ ನಗರದ ಮೇಲೆ ಎರಗಿತ್ತು.

ಆದುದರಿಂದಲೇ ಅವರು ಸೂಚಿಸಿದ ಮುಖ್ಯ ಪರಿಹಾರವು ನಗರದ ಹೊರಗಿತ್ತು. ನಗರದ ಮೇಲ್ಗಡೆಯೇ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆದು, ನದಿಯ ಪಾತ್ರವು ತಾಳಬಲ್ಲಷ್ಟು ನೀರನ್ನು ಮಾತ್ರ ಮೆಲ್ಲನೆ ಕೆಳಕ್ಕೆ ಬಿಡುವುದು ಆ ಯೋಜನೆಯ ತಿರುಳು. ಅದರಂತೆ ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರವೂ, ಅದರ ಉಪನದಿಯಾದ ಈಸಿಗೆ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಪ್ರವಾಹವನ್ನು ತಡೆದ ಆ ಜಲಾಶಯಗಳೇ ನಗರದ ಬಾಯಾರಿಕೆಯನ್ನೂ ತಣಿಸಿದವು.

ಆದರೆ ಒಮ್ಮೆ ಕಟ್ಟಿದ ರಕ್ಷಣೆ ತಾನಾಗಿಯೇ ಉಳಿಯುವುದಿಲ್ಲ. ಜಲಾಶಯವು ತನ್ನ ಮೇಲಿನಿಂದ ಬರುವ ನೀರನ್ನು ತಡೆಯಬಲ್ಲುದೇ ಹೊರತು, ಅದರ ಕೆಳಗೆ ಬೆಳೆದ ಬಡಾವಣೆಗಳ ಮೇಲೆ ಬೀಳುವ ಮಳೆಯನ್ನಲ್ಲ. 2020ರ ಅಕ್ಟೋಬರಿನಲ್ಲಿ ಅದೇ ಹೈದರಾಬಾದಿನಲ್ಲಿ ಭಾರಿ ಮಳೆ ಸುರಿದಾಗ ಪಲ್ಲೆ ಚೆರುವು, ಗುರ್ರಂ ಚೆರುವುಗಳ ಏರಿಗಳು ಒಡೆದು ಕೆಳಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಶತಮಾನದ ಹಿಂದಿನ ಎಚ್ಚರಿಕೆಯೇ ಮತ್ತೊಮ್ಮೆ ಮೊಳಗಿದಂತಾಯಿತು.

ಕೆರೆಯ ಏರಿ ಗಟ್ಟಿಯಾಗಿರಬೇಕು, ಕೋಡಿಗೆ ಅಡ್ಡಿಯಿರಬಾರದು, ಕೋಡಿಯ ನೀರು ಹರಿಯುವ ಕಾಲುವೆ ಒತ್ತುವರಿಗೆ ಸಿಕ್ಕಬಾರದು, ಹೂಳು ಕಾಲಕಾಲಕ್ಕೆ ಹೊರಬೀಳಬೇಕು. ಇವು ನಮ್ಮ ಹಿರಿಯರು ಬಲ್ಲ ಸಂಗತಿಗಳೇ. ಕೆರೆಯನ್ನು ಕಟ್ಟಿಸುವುದು ಪುಣ್ಯಕಾರ್ಯವೆಂದು ಬಗೆದ ನಾಡಿನಲ್ಲಿ, ಕಟ್ಟಿದ್ದನ್ನು ಕಾಪಾಡುವುದೂ ಅಷ್ಟೇ ಹಿರಿದಾದ ಕರ್ತವ್ಯವೆಂಬುದನ್ನು ಬೆಳೆಯುವ ಮಕ್ಕಳಿಗೆ ಮನಗಾಣಿಸಬೇಕಾಗಿದೆ.