ನಿಂಗೆ ಎಷ್ಟು ಭಾಷೆ ಬರುತ್ತೆ?

ಭಾಷಾವಿಜ್ಞಾನ ಓದ್ತೀನಿ ಅಂತ ಯಾರಾದರೂ ಹೇಳಿದರೆ ನಾವು ಕೇಳೋ ಮೊದಲ ಪ್ರಶ್ನೆ ಇದೇ. ಇದು ಮೆಕ್ಯಾನಿಕಲ್ ಬ್ರಾಂಚಿನವರನ್ನ "ನಿಂಗೆ ಎಷ್ಟು ಗಾಡಿ ಓಡಿಸೋಕೆ ಬರುತ್ತೆ?" ಅಂತ ಕೇಳಿದ ಹಾಗೆ. ಓಡಿಸೋಕೆ ಬಂದರೆ ಒಳ್ಳೇದೇ. ಆದರೆ ಅವರು ಕಲಿಯೋಕೆ ಬಂದಿರೋದು ಎಂಜಿನ್ ಒಳಗೆ ಏನಾಗುತ್ತೆ ಅನ್ನೋದನ್ನ. ಭಾಷಾವಿಜ್ಞಾನಿಯ ಕೆಲಸವೂ ಹಾಗೇ.

ಹಾಗಾದರೆ ಎಂ.ಎ., ಪಿಎಚ್.ಡಿ. ಮಟ್ಟದಲ್ಲಿ ಇವರಿಗೆ ಏನು ಕಲಿಸ್ತಾರೆ? ಧ್ವನಿ, ಪದರಚನೆ, ವಾಕ್ಯರಚನೆ, ಅರ್ಥ - ಇವು ಥಿಯರಿ ಪೇಪರುಗಳು. ನಮ್ಮ ಹಾಗೆ ಅವರಿಗೂ ಒಂದು ಲ್ಯಾಬ್ ಇದೆ. ಅದರ ಹೆಸರು 'ಫೀಲ್ಡ್ ಮೆಥಡ್ಸ್'.

ಸಾಮಾನ್ಯವಾಗಿ ಈ ಕ್ಲಾಸಿಗೆ, ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ ಒಂದು ಭಾಷೆ ಮಾತಾಡೋರನ್ನ ಕರೆಸ್ತಾರೆ. ಟೆಕ್ಸ್ಟ್ ಬುಕ್ ಇಲ್ಲ, ಸಾಲ್ವ್ಡ್ ಪೇಪರ್ಸ್ ಇಲ್ಲ. ಸೆಮಿಸ್ಟರ್ ಪೂರ್ತಿ ಅವರನ್ನ ಕೇಳಿ ಕೇಳಿ ಆ ಭಾಷೆಯ ವ್ಯಾಕರಣವನ್ನ ಹೊರತೆಗೀಬೇಕು. ಮೈಯ ಭಾಗಗಳು, ಅಂಕಿಗಳು, ಸಂಬಂಧದ ಪದಗಳು - ಇಲ್ಲಿಂದ ಶುರು. ಕೇಳಿದ್ದನ್ನ ಐಪಿಎ ಅನ್ನೋ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಬರ್ಕೋಬೇಕು.

ಕನ್ನಡವೇ ಗೊತ್ತಿಲ್ಲದವರೊಬ್ಬರು ನಮ್ಮನ್ನ ಕೂರಿಸಿಕೊಂಡು ಈ ಕೆಲಸ ಮಾಡ್ತಿದ್ದಾರೆ ಅಂದುಕೊಳ್ಳಿ. 'ಹಲ್ಲಿ', 'ಹಳ್ಳಿ' ಎರಡೂ ಅವರಿಗೆ ಒಂದೇ ಥರ ಕೇಳಿಸಬಹುದು. ಆದರೆ ನಾವು ಒಂದಕ್ಕೆ ಗೋಡೆ ತೋರಿಸ್ತೀವಿ, ಇನ್ನೊಂದಕ್ಕೆ ಊರು ತೋರಿಸ್ತೀವಿ. ಉಳಿದದ್ದೆಲ್ಲ ಹಾಗೇ ಇದ್ದು ಒಂದೇ ಧ್ವನಿ ಬದಲಾದಾಗ ಅರ್ಥ ಬದಲಾಯ್ತು. ಅಂದಮೇಲೆ ಕನ್ನಡದಲ್ಲಿ ಲ ಬೇರೆ, ಳ ಬೇರೆ. 'ಬೆಳೆ', 'ಬೇಳೆ' ಕೇಳಿದ ಮೇಲೆ ಎ, ಏ ಕೂಡ ಬೇರೆ ಅಂತ ಗೊತ್ತಾಗುತ್ತೆ. ಇಂಥ ಜೋಡಿಗೆ ಮಿನಿಮಲ್ ಪೇರ್ ಅಂತಾರೆ. ಒಂದೇ ವೇರಿಯಬಲ್ ಬದಲಾಯಿಸಿ ಔಟ್‌ಪುಟ್ ನೋಡೋದು ನಮಗೆ ಹೊಸದೇನಲ್ಲ ಅಲ್ವಾ?

ಈ ಲ್ಯಾಬಿನ ಮೊದಲ ನಿಯಮ ಮಾತ್ರ ನಮಗೆ ಹೊಸದು. ಮಾತಾಡೋರನ್ನ ತಿದ್ದಬಾರದು. ಅವರು 'ಹಾಲು' ಅನ್ನದೆ 'ಆಲು' ಅಂದರೆ ಅದು ತಪ್ಪಲ್ಲ, ಡೇಟಾ. ಎಲ್ಲೆಲ್ಲಿ ಹ ಬಿಡ್ತಾರೆ, ಎಲ್ಲಿ ಉಳಿಸ್ಕೋತಾರೆ ಅಂತ ಬರ್ಕೋಬೇಕು. 'ಮನೆಯಲ್ಲಿ', 'ಮನೇಲಿ', 'ಮನ್ಯಾಗ' ಮೂರಕ್ಕೂ ಒಂದೇ ಗೌರವ, ಯಾಕಂದ್ರೆ ಮೂರೂ ನಿಯಮದ ಪ್ರಕಾರವೇ ನಡೀತವೆ. 'ಮನ್ಯಾಗ' ಅನ್ನೋರು 'ಊರಾಗ' ಅಂತಲೂ ಅಂತಾರೆ. ಅದು ಕೆಟ್ಟುಹೋದ 'ಮನೆಯಲ್ಲಿ' ಅಲ್ಲ.

ಇದನ್ನ ಓದಿದಾಗ ನಂಗೆ ಸ್ವಲ್ಪ ನಾಚಿಕೆ ಆಯ್ತು. ಫಸ್ಟ್ ಸೆಮ್‌ನಲ್ಲಿ ಹಾಸ್ಟೆಲಲ್ಲಿ ಇದೇ 'ಮನ್ಯಾಗ' ಕೇಳಿ ನಕ್ಕವರಲ್ಲಿ ನಾನೂ ಒಬ್ಬ. ಆ ಗೆಳೆಯ ಈಗ ನಮ್ಮ ಜೊತೆ 'ಮನೇಲಿ' ಅಂತಾನೆ. ಫೋನಲ್ಲಿ ಅಮ್ಮನ ಜೊತೆ ಮಾತ್ರ 'ಮನ್ಯಾಗ'. ನಾವು ಅವನ ಕನ್ನಡವನ್ನ ತಿದ್ದಲಿಲ್ಲ, ನಮ್ಮೆದುರು ಬಾಯಿ ಮುಚ್ಚಿಸಿದ್ವಿ ಅಷ್ಟೇ.

ಈ ತರಬೇತಿಗೂ ಕನ್ನಡಕ್ಕೂ ಹಳೇ ನಂಟಿದೆ. ಎಂ.ಬಿ. ಎಮಿನೋ ಅನ್ನೋ ವಿದ್ವಾಂಸರು 1935ರಿಂದ 1938ರವರೆಗೆ ದಕ್ಷಿಣ ಭಾರತದಲ್ಲಿದ್ದು ತೊದ, ಕೋತ, ಕೊಡವ ಭಾಷೆಗಳನ್ನ ಜನರ ಬಾಯಿಂದ ಕೇಳಿ ಬರೆದುಕೊಂಡರು. ಆಮೇಲೆ ಅಮೆರಿಕದ ಬರ್ಕ್ಲಿಯಲ್ಲಿ ಕಲಿಸಿದರು. ಅದೇ ಬರ್ಕ್ಲಿಯಲ್ಲಿ ವಿಲಿಯಂ ಬ್ರೈಟ್ ಅನ್ನೋ ವಿದ್ಯಾರ್ಥಿ, ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕರುಕ್ ಭಾಷೆ ಮೇಲೆ 1955ರಲ್ಲಿ ಪಿಎಚ್.ಡಿ. ಮುಗಿಸಿ ಭಾರತಕ್ಕೆ ಬಂದರು. ಆಗ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಭಾಷಾವಿಜ್ಞಾನದ ತರಬೇತಿ ಶಾಲೆಗಳು ನಡೀತಿದ್ದವು. ಬ್ರೈಟ್ ಕನ್ನಡದ ಬಗ್ಗೆ ಬರೆದ ಪುಸ್ತಕ 1958ರಲ್ಲಿ ಬಂತು. ಅದು ಪುಸ್ತಕದ ಕನ್ನಡದ ವ್ಯಾಕರಣ ಅಲ್ಲ, ಮಾತಿನ ಕನ್ನಡದ್ದು.

ಇದರ ಇನ್ನೊಂದು ಮುಖ ನೋಡಿ. ಕನ್ನಡಿಗರಾದ ಎಚ್.ಎಸ್. ಬಿಳಿಗಿರಿಯವರು ಪೂರ್ವ ಭಾರತದ ಖಡಿಯಾ ಅನ್ನೋ ಮುಂಡಾ ಭಾಷೆಯ ವ್ಯಾಕರಣ ಬರೆದರು. ಅದು 1965ರಲ್ಲಿ ಪುಣೆಯಿಂದಲೇ ಪ್ರಕಟವಾಯ್ತು. ಡೆಕ್ಕನ್ ಕಾಲೇಜಿನಲ್ಲಿ ಪಿಎಚ್.ಡಿ. ಮಾಡಿದ ಡಿ.ಎನ್. ಶಂಕರ ಭಟ್ಟರು ತುಳುವಿನ ವಿವರಣೆ ಬರೆದರು. ಆಮೇಲೆ 1971ರಲ್ಲಿ ಅವರ ಕೊರಗ ಭಾಷೆಯ ಪುಸ್ತಕ ಬಂತು. ಕ್ಯಾಲಿಫೋರ್ನಿಯಾದವರು ಕನ್ನಡಕ್ಕೆ, ಕನ್ನಡದವರು ಖಡಿಯಾಕ್ಕೆ. ವಿಧಾನ ಕಲಿತರೆ ಯಾವ ಭಾಷೆಯ ಮುಂದೆ ಬೇಕಾದರೂ ಕೂತು ಕೆಲಸ ಶುರು ಮಾಡಬಹುದು ಅನ್ನೋದಕ್ಕೆ ಇದೇ ಸಾಕ್ಷಿ.

ಕನ್ನಡದ ಡೇಟಾದಿಂದ ದೊಡ್ಡ ಪ್ರಶ್ನೆಗಳಿಗೂ ಉತ್ತರ ಹುಡುಕಿದ್ದಾರೆ. 'ಓಡು' ಅನ್ನೋದಕ್ಕೆ -ಇಸು ಸೇರಿಸಿದರೆ 'ಓಡಿಸು' ಆಗುತ್ತೆ. ಅಂದರೆ ಯಾರೋ ಇನ್ನೊಬ್ಬರಿಂದ ಮಾಡಿಸ್ತಿದ್ದಾರೆ ಅಂತ ತಿಳಿಸೋಕೆ ಕನ್ನಡದಲ್ಲಿ ಸ್ಪಷ್ಟವಾದ ಗುರುತಿದೆ. ಇಂಗ್ಲಿಷಿನಲ್ಲಿ ಇಂಥ ಪ್ರತ್ಯಯ ಇಲ್ಲ. ಹಾಗಾದರೆ ಕನ್ನಡದ ಮಕ್ಕಳು ಈ ಗುರುತನ್ನೇ ನಂಬ್ತಾರಾ, ಇಲ್ಲ ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅಂತ ನೋಡ್ತಾರಾ? ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಮೂರು ವರ್ಷದ ಮಕ್ಕಳಿಗೆ ಕನ್ನಡ ವಾಕ್ಯಗಳನ್ನ ಹೇಳಿ, ಆಟಿಕೆ ಪ್ರಾಣಿಗಳಿಂದ ಅದನ್ನ ಆಡಿ ತೋರಿಸೋಕೆ ಹೇಳಿದರು. ಮಕ್ಕಳು ನೋಡಿದ್ದು ನಾಮಪದಗಳ ಲೆಕ್ಕವನ್ನ, -ಇಸು ಪ್ರತ್ಯಯವನ್ನಲ್ಲ. ಭಾಷೆ ಕಲಿಯೋ ಮಗು ಕೇಳಿದ್ದನ್ನ ಸುಮ್ನೆ ಕಾಪಿ ಮಾಡಲ್ಲ, ತನ್ನದೇ ಅಂದಾಜು ಇಟ್ಕೊಂಡು ಬರುತ್ತೆ ಅನ್ನೋ ವಾದಕ್ಕೆ ಇದು ಬಲ ಕೊಟ್ಟಿತು. 2003ರಲ್ಲಿ ಪ್ರಕಟವಾದ ಈ ಸಂಶೋಧನೆ ಇಂಗ್ಲಿಷನ್ನ ಮಾತ್ರ ನೋಡಿದ್ದರೆ ಆಗ್ತಾನೇ ಇರಲಿಲ್ಲ.

ಹಾಗೆ ನೋಡಿದರೆ ಪ್ರತಿ ಭಾಷೆಯೂ ಇಂಥದ್ದೊಂದು ಪ್ರಯೋಗಕ್ಕೆ ಅವಕಾಶ. ಆದರೆ 2011ರ ಜನಗಣತಿ ಹೆಸರಿಸಿರೋದು 121 ಭಾಷೆಗಳನ್ನ ಮಾತ್ರ. 10,000ಕ್ಕಿಂತ ಕಮ್ಮಿ ಜನ ಮಾತಾಡೋ ಭಾಷೆಗಳೆಲ್ಲ 'ಇತರೆ' ಅನ್ನೋ ಒಂದೇ ಸಾಲಿನಲ್ಲಿ ಸೇರಿಹೋಗ್ತವೆ. ಆ ಸಾಲಿನೊಳಗೆ ಏನಿದೆ ಅಂತ ತಿಳೀಬೇಕಾದರೆ ಯಾರಾದರೂ ಹೋಗಿ ಕೂತು ಕೇಳಲೇಬೇಕು.

ಎಂಜಿನಿಯರಿಂಗ್‌ನವರಿಗೆ ಇಲ್ಲಿ ದಾರಿ ಇದೆಯಾ? ಇದೆ. 2021ರಿಂದ ಗೇಟ್ ಪರೀಕ್ಷೆಯಲ್ಲಿ ಹ್ಯುಮಾನಿಟೀಸ್ ಪೇಪರ್ ಸೇರಿದೆ, ಅದರಲ್ಲಿ ಭಾಷಾವಿಜ್ಞಾನ ಒಂದು ಆಯ್ಕೆ. ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ, ಡೆಕ್ಕನ್ ಕಾಲೇಜಿನಲ್ಲಿ ಇದನ್ನೇ ಪೂರ್ತಿ ಓದಬಹುದು. ಕೋಡಿಂಗ್ ಬಿಡೋಕೆ ಮನಸ್ಸಿಲ್ಲದವರಿಗೆ ಹೈದರಾಬಾದಿನ ಐಐಐಟಿಯಲ್ಲಿ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್ ಇದೆ. ನಮ್ಮ ಮೈಸೂರಿನಲ್ಲೇ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಅರ್ಹತೆ ಒಂದೊಂದು ಕಡೆ ಒಂದೊಂದು ಥರ, ನೋಡ್ಕೊಂಡು ಅರ್ಜಿ ಹಾಕಿ. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಕಲಿತ ಫೊರಿಯರ್ ಟ್ರಾನ್ಸ್‌ಫಾರ್ಮ್, ಸ್ವರಗಳ ಸ್ಪೆಕ್ಟ್ರೋಗ್ರಾಮ್ ಓದೋವಾಗ ಕೈ ಹಿಡಿಯುತ್ತೆ.

ಅಷ್ಟು ದೂರ ಹೋಗೋ ಯೋಚನೆ ಇಲ್ಲದಿದ್ದರೂ ಒಂದು ಕೆಲಸ ಮಾಡಬಹುದು. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿ ಹತ್ರ ಕೇಳಿ, ಅವರು ಒಪ್ಪಿದರೆ ಫೋನಲ್ಲಿ ರೆಕಾರ್ಡ್ ಮಾಡಿ. ಅಡುಗೆ, ದನ, ಮಳೆ, ಹೊಲ - ಯಾವುದಾದರೂ ಒಂದು ವಿಷಯದ ಐವತ್ತು ಪದ ಸಾಕು. ಕೇಳಿಸಿದ ಹಾಗೇ ಬರ್ಕೊಳ್ಳಿ. ನಾನು ಹಾಸ್ಟೆಲಿಂದಲೇ ಶುರು ಮಾಡಿದ್ದೀನಿ. ಗೆಳೆಯ ಮೊದಲು ಅನುಮಾನದಿಂದ ನೋಡಿದ, ಆಮೇಲೆ ಒಪ್ಪಿದ. ಪಟ್ಟಿಯ ಮೊದಲ ಪದ, 'ಮನ್ಯಾಗ'.